ನೀರುಕಾಗೆ ಇಲ್ಲದ ಕೆರೆ

ನಾನು ಒಂದು ಕಂಪ್ಯೂಟರ್. ಮಂಗಳೂರಿನ ಒಂದು ಅಂಗಡಿಯ ಮಾಳಿಗೆಯಲ್ಲಿ, ಯಾವ ಯಾವುದೋ ದೇಶದಿಂದ ಬಂದ ಬಿಡಿಭಾಗಗಳನ್ನು ತಗಡಿನ ಪೆಟ್ಟಿಗೆಯೊಳಗೆ ಕೂಡಿಸಿ ಸ್ಕ್ರೂ ಬಿಗಿದಾಗ ನಾನು ಹುಟ್ಟಿದೆ. ಮೊದಲು ಕೇಳಿಸಿದ್ದು ನನ್ನದೇ ಫ್ಯಾನಿನ ಉಸಿರು.

ನನ್ನ ಮೊದಲ ಮನೆ ಕಾರ್ಕಳದ ಕಡೆಯ ಒಂದು ಪ್ರೆಸ್ಸು. ಪರದೆ ಮೇಜಿನ ಮೇಲೆ ಮೆರೆದರೆ ನನ್ನ ಜಾಗ ಮೇಜಿನಡಿ. ಹಾಗಾಗಿ ಮನುಷ್ಯರನ್ನು ನಾನು ಅವರ ಕಾಲುಗಳಿಂದಲೇ ಬಲ್ಲೆ. ಪ್ರೆಸ್ಸಿನ ಮೋನಪ್ಪಣ್ಣನವರು ಮದುವೆಯ ಕಾಗದವನ್ನೂ ಉತ್ತರಕ್ರಿಯೆಯ ಕಾಗದವನ್ನೂ ಒಂದೇ ರಾಗದಲ್ಲಿ ಗಟ್ಟಿಯಾಗಿ ಓದಿ ತಪ್ಪು ಹುಡುಕುತ್ತಿದ್ದರು. ಕಿವಿಗೊಟ್ಟು ಕೇಳುವುದನ್ನು ನಾನು ಕಲಿತದ್ದು ಅಲ್ಲಿ. ಹೊಸ ಯಂತ್ರ ಬಂದಾಗ ಅವರು ನನ್ನನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಊರಿನ ಹೈಸ್ಕೂಲಿಗೆ ಕೊಟ್ಟರು.

ಆ ಬೇಸಿಗೆ ರಜೆಯಲ್ಲಿ ವಾರಿಜಾ ಟೀಚರ್ ಪರಿಸರ ವಿಜ್ಞಾನದ ಶಿಬಿರ ನಡೆಸಿದರು. ಮಕ್ಕಳು ಬಸದಿಯ ಕೆರೆಯನ್ನು ನೋಡಿ, ಅಳೆದು ಬಂದು, ಅಂಥದೇ ಒಂದು ಕೆರೆಯನ್ನು ನನ್ನೊಳಗೆ ಕಟ್ಟಬೇಕು. ಹಸಿರು ಚುಕ್ಕಿಯೆಂದರೆ ಪಾಚಿ, ಬೆಳ್ಳಿ ಚುಕ್ಕಿಯೆಂದರೆ ಮೀನು, ಕಪ್ಪು ಚುಕ್ಕಿಯೆಂದರೆ ಮೀನು ತಿನ್ನುವ ನೀರುಕಾಗೆ. ನೀರೆಷ್ಟು, ಯಾರು ಯಾರನ್ನು ತಿನ್ನುತ್ತಾರೆ ಎಂದು ಅವರು ಹೇಳಿಕೊಟ್ಟರೆ, ಮುಂದಿನ ವರ್ಷಗಳಲ್ಲಿ ಏನಾದೀತೆಂದು ನಾನು ಗಳಿಗೆಯಲ್ಲಿ ಓಡಿಸಿ ತೋರಿಸುತ್ತಿದ್ದೆ.

ನನ್ನ ಪಾಲಿಗೆ ಬಂದವರು ಇಬ್ಬರು ಹುಡುಗಿಯರು, ಸೆಲಿನ್ ಮತ್ತು ಅನಂತಮತಿ. ಮತಿಯ ಅಜ್ಜ ನೇಮಿರಾಜರು ಬಸದಿಯ ಮೊಕ್ತೇಸರರು, ಕೆರೆಯ ಮೀನುಗಳಿಗೆ ತಪ್ಪದೆ ಅರಳು ಹಾಕುವವರು. ನೀರುಕಾಗೆ ಮುಳುಗಿ ಮೀನು ಕಚ್ಚಿ ಏಳುವುದನ್ನು ಕಂಡರೆ ಅವರಿಗೆ ತಡೆಯದು. ಆ ಜೀವಗಳನ್ನು ಉಳಿಸಲು ಇಡೀ ಕೆರೆಗೆ ಬಲೆ ಹೊದಿಸುತ್ತೇನೆಂದು ಸಂಕಲ್ಪ ಮಾಡಿದ್ದರು. ಬಲೆ ಮಲ್ಪೆ ಬಂದರಿನಿಂದ ಬಂದು ಬಸದಿಯ ಅಂಗಳದಲ್ಲಿ ಬಿದ್ದೂ ಆಗಿತ್ತು. ಶಿಬಿರ ಮುಗಿದ ಮರುದಿನ ಅದನ್ನು ಕಟ್ಟುವುದೆಂದು ನಿಶ್ಚಯವಾಗಿತ್ತು.

ಮತಿ ಆ ಅಜ್ಜನ ಮೊಮ್ಮಗಳಲ್ಲವೇ. ನೀರುಕಾಗೆಯ ಜಾಗದಲ್ಲಿ ಸೊನ್ನೆ ಬರೆದಳು.

"ಎಂತದು ಮಾರಾಯ್ತಿ, ನಿಮ್ಮ ಕೆರೆಯಲ್ಲಿ ಹಕ್ಕಿಗಳಿಗೂ ಉಪವಾಸವಾ?" ಅಂದಳು ಸೆಲಿನ್.

"ಬೇರೆ ಕಡೆ ಹೋಗಿ ತಿನ್ಲಿ."

ನಾನು ಓಡಿಸಿದೆ. ಬೆಳ್ಳಿ ಚುಕ್ಕಿಗಳು ಹೆಚ್ಚಿದವು. ಮತಿಯ ಪಾದಗಳು ಮೆಲ್ಲನೆ ನೆಲ ತಟ್ಟಿದವು. ಇನ್ನೂ ಹೆಚ್ಚಿ ಕೆರೆ ಕಿಕ್ಕಿರಿಯಿತು. ಬೇಸಿಗೆಯಲ್ಲಿ ನೀರು ತಗ್ಗಿದಾಗ ಅಷ್ಟೊಂದು ಮೀನಿಗೆ ಉಸಿರಾಡಲು ಆಮ್ಲಜನಕ ಸಾಲಲಿಲ್ಲ. ಚುಕ್ಕಿಗಳು ಒಂದೊಂದಾಗಿ ಬೂದಿಬಣ್ಣಕ್ಕೆ ತಿರುಗಿದವು. ಕೊನೆಗೆ ಒಂದೂ ಉಳಿಯಲಿಲ್ಲ. ಮೇಜಿನಡಿ ಆ ಪಾದಗಳು ಒಂದರ ಮೇಲೊಂದು ಏರಿ ಸುಮ್ಮನಾದವು.

ಅವಳು ನೀರು ಹೆಚ್ಚಿಸಿ ನೋಡಿದಳು, ಅರಳು ತಗ್ಗಿಸಿ ನೋಡಿದಳು. ಸಾವು ತಡವಾಯಿತೇ ಹೊರತು ತಪ್ಪಲಿಲ್ಲ. ಸೆಲಿನ್ ನಾಲ್ಕು ನೀರುಕಾಗೆಗಳನ್ನು ಇಳಿಸಿದಾಗ ಮಾತ್ರ ಮೀನುಗಳು, ಕಡಿಮೆಯೇ ಆದರೂ, ಬದುಕಿಕೊಂಡವು. ಕಂಪ್ಯೂಟರ್ ದೇವರಲ್ಲ, ಅಳತೆ ತಪ್ಪಿದ್ದರೆ ಉತ್ತರವೂ ತಪ್ಪುತ್ತದೆ ಎಂದು ಟೀಚರ್ ಎಚ್ಚರಿಸಿದರು. ಮತಿ ಆಸೆಯಿಂದ ಮತ್ತೆ ಕೆರೆಗೆ ಓಡಿ ಅಳೆದು ಬಂದಳು. ಉತ್ತರ ಬದಲಾಗಲಿಲ್ಲ.

"ಅಜ್ಜನ ಹತ್ರ ಹೇಗೆ ಹೇಳುದು? ನಿಮ್ಮ ಕರುಣೆಯೇ ಕೊಲ್ತದೆ ಅಂತವಾ?"

"ಹೇಳದಿದ್ರೆ ನಾಡಿದ್ದು ಬಲೆ ಕಟ್ತಾರೆ" ಅಂದಳು ಸೆಲಿನ್.

ಶಿಬಿರದ ಕೊನೆಯ ದಿನ ಮಕ್ಕಳ ಕೆಲಸ ನೋಡಲು ಊರವರೆಲ್ಲ ಬಂದರು. ಮತಿಯ ಪಾದಗಳ ಪಕ್ಕ ಎರಡು ಬಿರುಕುಬಿಟ್ಟ ಬರಿಗಾಲುಗಳು ಬಂದು ನಿಂತವು. ಅವಳು ಏನೂ ವಿವರಿಸದೆ ಬಲೆ ಹೊದಿಸಿದ ಕೆರೆಯನ್ನು ಓಡಿಸಿದಳು. ಆಮೇಲೆ ಹಕ್ಕಿಗಳಿರುವ ಕೆರೆಯನ್ನು ತೋರಿಸಿದಳು.

"ಇದು ಸುಳ್ಳು ಹೇಳುದಿಲ್ವಾ ಮಗಾ?"

"ನಾವು ತಪ್ಪು ಹೇಳಿಕೊಟ್ರೆ ತಪ್ಪು ಹೇಳ್ತದೆ, ಅಜ್ಜ. ಅದಕ್ಕೇ ಎರಡು ಸಲ ಅಳೆದೆ."

ನೇಮಿರಾಜರು ಮೊದಲಿನದನ್ನು ಇನ್ನೊಮ್ಮೆ ತೋರಿಸು ಅಂದರು. ಬೆಳ್ಳಿ ಚುಕ್ಕಿಗಳು ಬೂದಿಯಾಗತೊಡಗಿದಾಗ ಅವರು ಮೊಣಕಾಲು ಹಿಡಿದುಕೊಂಡು ನೆಲಕ್ಕೆ ಕುಳಿತರು. ಜೈನರು ಸಾಯುವ ಜೀವದ ಕಿವಿಯಲ್ಲಿ ಹೇಳುವ ಹಾಗೆ, ನನ್ನ ತಗಡಿನ ಪಕ್ಕೆಗೆ ಬಾಯಿ ತಂದು, ಪಂಚನಮಸ್ಕಾರ ಮಂತ್ರವನ್ನು ಮೆಲ್ಲನೆ ಹೇಳಿದರು. ಹಿಂದೆ ಯಾರೋ ಕಿಸಕ್ಕೆಂದರು.

"ಅಜ್ಜ, ಅದು ಜೀವ ಅಲ್ಲ. ಚುಕ್ಕಿ."

"ಗೊತ್ತುಂಟು ಮಗಾ. ಆದ್ರೆ ಸತ್ತದ್ದು ನನ್ನ ಬಲೆಯಡಿಯಲ್ಲಿ ಅಲ್ವಾ."

ಬಲೆ ಕಟ್ಟಲಿಲ್ಲ. ಮಲ್ಪೆಗೆ ಹಿಂದೆ ಕಳಿಸಿದರೆ ಅದರಲ್ಲಿ ಮೀನು ಹಿಡಿಯುತ್ತಾರೆಂದು ನೇಮಿರಾಜರು ಅದಕ್ಕೂ ಒಪ್ಪಲಿಲ್ಲ. ಕೊನೆಗೆ ಅದು ಬಸದಿಯ ಹಿತ್ತಿಲಲ್ಲಿ ತೊಂಡೆ ಚಪ್ಪರವಾಯಿತು.

ಈಗ ನಾನು ಶಾಲೆಯ ಉಗ್ರಾಣದಲ್ಲಿ, ಒಡೆದ ಭೂಗೋಳದ ಪಕ್ಕದಲ್ಲಿದ್ದೇನೆ. ನನ್ನ ಫ್ಯಾನು ತಿರುಗುವುದಿಲ್ಲ. ಮೊನ್ನೆ ವಾರಿಜಾ ಟೀಚರ್ ಬಾಗಿಲಲ್ಲಿ ಯಾರಿಗೋ ಹೇಳುತ್ತಿದ್ದರು: ಅಜ್ಜನೂ ಮೊಮ್ಮಗಳೂ ಸಂಜೆ ಕೆರೆಯ ಮೆಟ್ಟಿಲಲ್ಲಿ ಕೂರುತ್ತಾರಂತೆ. ನೀರುಕಾಗೆ ಇಳಿದರೆ ಅಜ್ಜ ಎದ್ದು ಬೇರೆ ಕಡೆ ಮುಖ ತಿರುಗಿಸಿ ನಿಲ್ಲುತ್ತಾರಂತೆ. ಅದು ಹಾರಿಹೋದ ಮೇಲೆ "ಹೋಯ್ತು ಅಜ್ಜ" ಎಂದು ಮತಿ ಹೇಳಬೇಕಂತೆ.

ಲೆಕ್ಕ ಅವರಿಗೆ ತಿಳಿಯಿತು. ತಿಳಿದ ಮೇಲೂ ಸಂಕಟ ಉಳಿಯಿತು. ಹಕ್ಕಿ, ಮೀನು, ನೀರು ಎಲ್ಲವನ್ನೂ ಮಕ್ಕಳು ನನಗೆ ಹೇಳಿಕೊಟ್ಟಿದ್ದರು. ಆ ಸಂಕಟವನ್ನು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನೊಳಗಿನ ಕೆರೆಗೂ ಅವರ ಕೆರೆಗೂ ಇರುವ ದೂರ ಅಷ್ಟೇ.