ಕಾಣದವನ ಪಾಲು

ಗಂಗೊಳ್ಳಿಯ ಬೋಟುಗಳಲ್ಲಿ ಮೀನು ಮಾರಿದ ದುಡ್ಡಿನಿಂದ ಮೊದಲು ಡೀಸೆಲ್ ಖರ್ಚು ಕಳೆಯುತ್ತಾರೆ. ಉಳಿದದ್ದೇ ಎಲ್ಲರಿಗೂ ಪಾಲು. ಏನೂ ಉಳಿಯದಿದ್ದರೆ ನಿದ್ದೆಗೆಟ್ಟದ್ದಷ್ಟೇ ಲಾಭ. ಈ ಕಟ್ಟಳೆ ಮಾಡಿದ ಪುಣ್ಯಾತ್ಮರ ಕಾಲಕ್ಕೆ ಡೀಸೆಲ್ ಅಗ್ಗವಿತ್ತು.

ಎರಡು ಸಾವಿರದ ಹನ್ನೆರಡರಲ್ಲಿ ಅದರ ಬೆಲೆ ಮತ್ತೆ ಏರಿತು. ಬೋಟು ನಡೆಸುವ ತಾಂಡೇಲ ಚಂದಯ್ಯನಿಗೆ ಸರ್ಕಾರ ಮೀನುಗಾರರಿಗೆ ಕೊಡುವ ತೆರಿಗೆಯಿಲ್ಲದ ಡೀಸೆಲ್ ಆ ತಿಂಗಳದ್ದು ಮುಗಿದಿತ್ತು. ಹೆದ್ದಾರಿ ಬಂಕಿನಲ್ಲಿ ತೆರಿಗೆ ಸೇರಿಸಿಯೇ ಕೊಳ್ಳಬೇಕು. ಆ ತೆರಿಗೆಯೋ ಶೇಕಡಾ ಲೆಕ್ಕದ್ದು. ಬೆಲೆ ಏರಿದರೆ ತಾನೂ ಏರುತ್ತದೆ, ಯಾವ ದೊಣ್ಣೆನಾಯಕನ ಅಪ್ಪಣೆಯೂ ಬೇಕಿಲ್ಲ.

ಅವನ ಹಳೆಯ ಇಂಜಿನ್ನು ಮಾತು ಕೇಳುತ್ತಿದ್ದದ್ದು ಮುತ್ತ ಒಬ್ಬನದು. ಆ ಮುತ್ತನಿಗೆ ಗೋವಾದ ಬೋಟಿನಿಂದ ಕರೆ ಬಂದಿತ್ತು, ತಿಂಗಳ ಸಂಬಳಕ್ಕೆ.

"ಈ ಸಲ ಪಾಲ್ ಸಿಕ್ರೆ ಇಲ್ಲೇ ನಿಲ್ತೆ ಚಂದಯ್ಯಣ್ಣ," ಎಂದಿದ್ದ.

ಬೋಟು ಕಡಲಿಗಿಳಿದು ಬೈಂದೂರಿನ ನೇರಕ್ಕೆ ಬಂದಾಗ ದೂರದಲ್ಲಿ ಹಕ್ಕಿಗಳು ಸುತ್ತುತ್ತಿದ್ದವು. ಅಲ್ಲಿ ಮೀನಿದೆ ಎಂದೇ ಅರ್ಥ.

"ಹ್ವಾಯ್, ಇನ್ನೊಂಚೂರ್ ಹೊರಗ್ ಹೋಪ!" ಮುತ್ತ ಕೂಗಿದ.

ಚಂದಯ್ಯನಿಗೂ ಹಕ್ಕಿ ಕಂಡಿದ್ದವು. ಆದರೆ ಬೆಳಗಿನಿಂದ ಅವನ ಕಿವಿಯೆಲ್ಲ ಇಂಜಿನ್ನಿನ ಮೇಲೆ. ಒಂದೊಂದು ಬಡಿತಕ್ಕೂ ಎಷ್ಟು ಡೀಸೆಲ್ ಸುಟ್ಟಿತೆಂದು ಲೆಕ್ಕ ಹಾಕುತ್ತಿದ್ದ. ಅಷ್ಟು ದೂರ ಹೋಗಿ ಬರಿಗೈಯಾದರೆ?

"ಬ್ಯಾಡ. ಡೀಸೆಲ್ ಸಾಕಾತಿಲ್ಲೆ. ಇಲ್ಲೇ ಬಲೆ ಹಾಕುವ."

ಬಲೆಗೆ ಬಿದ್ದದ್ದು ಗೊಬ್ಬರಕ್ಕೆ ಹೋಗುವ ಚಿಲ್ಲರೆ ಮೀನು. ಸಂಜೆ ಬಂದರಿಗೆ ಬಂದರೆ, ಹಕ್ಕಿಗಳ ಕಡೆ ಹೋಗಿದ್ದ ಪಕ್ಕದ ಬೋಟಿನಿಂದ ಬುಟ್ಟಿ ಬುಟ್ಟಿ ಬಂಗುಡೆ ಇಳಿಯುತ್ತಿತ್ತು.

ಚಂದಯ್ಯನ ಮೀನಿನ ದುಡ್ಡು ಡೀಸೆಲಿಗೇ ಸಾಲಲಿಲ್ಲ. ಎದುರಿನ ಹೋಟೆಲಿನ ಟೀವಿಯಲ್ಲಿ, ತೈಲದ ತೆರಿಗೆಯಿಂದ ಬೊಕ್ಕಸ ತುಂಬಿದ ಸುದ್ದಿ ಬರುತ್ತಿತ್ತು. ಅವನಿಗೆ ಮೈಯೆಲ್ಲ ಉರಿಯಿತು.

"ಕಂಡ್ಯಾ ಮುತ್ತ? ನಮ್ ಬೋಟಲ್ ಕಾಣ್ದಿದ್ದವ ಒಬ್ಬ ಇದ್ದ. ಮೀನ್ ಸಿಕ್ರೂ ಸಿಕ್ದಿದ್ರೂ ಅವಂಗೆ ಪಾಲ್ ಇತ್ತ್. ಅವ್ನೇ ನಮ್ಮನ್ ಮುಳುಗ್ಸಿದ್ದ್."

ಮುತ್ತ ಬೋಟಿನಲ್ಲಿ ಮಲಗುವ ತನ್ನ ಚಾಪೆ ಸುತ್ತುತ್ತಿದ್ದವನು ತಲೆಯೆತ್ತಿದ. ಅವನಿಗೂ ಸುಸ್ತಾಗಿತ್ತು, ಸಿಟ್ಟು ಮಾಡುವಷ್ಟು ತ್ರಾಣವಿರಲಿಲ್ಲ.

"ಅವ ಪಾಲ್ ತಕಂಡದ್ದ್ ಸೈ. ಹಕ್ಕಿ ಕಂಡೂ ಹೋಗ್ದೇ ಇದ್ದದ್ದ್ ನೀವ್. ಸಮುದ್ರ ಕಾಂಬ ತಾಂಡೇಲನ್ ಒಟ್ಟಿಗೆ ಪಾಲಿಲ್ದಿದ್ರೂ ಬತ್ತಿದ್ದೆ. ನೀವೀಗ ಡೀಸೆಲ್ ಟ್ಯಾಂಕಿ ಮಾತ್ರ ಕಾಂತ್ರಿ, ಅಣ್ಣ."

ಹೇಳಿ, ಚಾಪೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬೋಟಿನಿಂದ ದಕ್ಕೆಯ ಕಟ್ಟೆಗೆ ಹಾರಿದ. ಚಂದಯ್ಯನಿಗೆ ಅಳು ಬಂತು.