ಉತ್ತರಿಸುವ ಸ್ಥಳ

"ಕರೆದ್ರೆ ಉತ್ತರ ಕೊಡ್ತೀನಿ, ಆಣೆ ಕಣೇ" ಎಂದು ಜ್ಞಾನಮ್ಮ ತಂಗಿಯ ಅಂಗೈ ಮೇಲೆ ಕೈಯಿಟ್ಟು ಮಾತು ಕೊಟ್ಟಾಗ ಅವಳಿಗೆ ಹನ್ನೊಂದು, ಆರೋಗ್ಯಮ್ಮನಿಗೆ ಒಂಬತ್ತು. ಅವ್ವ ದಿನಾ ಸಂಜೆ ಜಪಸರ ಮುಗಿಸಿ, ಉತ್ತರಿಸುವ ಸ್ಥಳದ ಆತ್ಮಗಳಿಗೆಂದು ಇನ್ನೊಂದು ಪ್ರಾರ್ಥನೆ ಹೇಳುತ್ತಿದ್ದಳು. ಸತ್ತವರು ಮೋಕ್ಷಕ್ಕೆ ಹೋಗುವ ಮುಂಚೆ ಪಾಪ ಕಳೆಯುವ ತನಕ ಬೆಂಕಿಯಲ್ಲಿ ಬೇಯುವ ಜಾಗ ಅದು. ಮಕ್ಕಳಿಗೆ ಕೇಳಿಸಿದ್ದೇ ಬೇರೆ. ಉತ್ತರಿಸುವ ಸ್ಥಳ ಅಂದ ಮೇಲೆ ಅಲ್ಲಿರುವವರು ಕರೆದರೆ ಓಗೊಡಲೇಬೇಕಲ್ಲ. ಮೊದಲು ಸತ್ತವಳನ್ನು ಉಳಿದವಳು ಇಗರ್ಜಿಯಲ್ಲಿ ಹಾಡುವ ಪ್ರಾರ್ಥನಾಮಾಲೆಯ ರಾಗದಲ್ಲಿ, ಒಬ್ಬೊಬ್ಬ ಸಂತರನ್ನೂ ಹೆಸರು ಹಿಡಿದು ಕರೆದ ಹಾಗೆ ಕರೆಯಬೇಕು. ಸತ್ತವಳು ಅಲ್ಲಿಂದ ಉತ್ತರ ಹಾಡಬೇಕು. ಕಂಬಳಿಯೊಳಗೆ ಆಡಿಯೂ ನೋಡಿದ್ದರು. "ಸಂತ ಜ್ಞಾನಮ್ಮನವರೇ" ಎಂದು ತಂಗಿ, "ನಮಗಾಗಿ ಪ್ರಾರ್ಥಿಸಿರಿ" ಎಂದು ಅಕ್ಕ. ಅವ್ವ ಬಂದು ಇಬ್ಬರ ಬೆನ್ನಿಗೂ ಒಂದೊಂದು ಬಿಟ್ಟಿದ್ದಳು.

ಅಲ್ಲಿ ಉತ್ತರಿಸುವುದೆಂದರೆ ಪಾಪ ತೀರಿಸುವುದು, ಮಾತಿಗೆ ಮಾತು ಕೊಡುವುದಲ್ಲ ಎಂದು ಮುಂದೆ ಉಪದೇಶದ ತರಗತಿಯಲ್ಲಿ ಹೇಳಿಕೊಟ್ಟರು. ಪದದ ಅರ್ಥವನ್ನೇನೋ ತಿದ್ದಿಕೊಂಡರು, ಕೊಟ್ಟ ಮಾತು ಹಾಗೇ ಉಳಿಯಿತು.

ಜ್ಞಾನಮ್ಮ ಹತ್ತೊಂಬತ್ತಕ್ಕೆ ವಿಷಮಜ್ವರದಲ್ಲಿ ಹೋದಳು. ದೊಡ್ಡಬಳ್ಳಾಪುರದಿಂದ ಇಗರ್ಜಿಯ ಸ್ವಾಮಿಗಳು ಸೈಕಲ್ ತುಳಿದುಕೊಂಡು ಬರುವಷ್ಟರಲ್ಲಿ ಉಸಿರು ನಿಂತಿತ್ತು. ಅವರ ಮುಂದೆ ಮಾಡಬೇಕಿದ್ದ ಕೊನೆಯ ಪಾಪನಿವೇದನೆ ಆಗಲಿಲ್ಲ. ಅವ್ವನಿಗೆ ಸಾವಿಗಿಂತ ಅದೇ ದೊಡ್ಡ ಸಂಕಟ. "ಇನ್ನೆಷ್ಟು ವರ್ಷ ಬೇಯ್ಬೇಕೋ ನನ್ನ ಕೂಸು" ಎಂದು ಒಲೆ ಮುಂದೆ ಕೂತು ಹೇಳುವಳು, ಉರಿಯನ್ನು ನೋಡಲಾರದೆ ಮುಖ ತಿರುಗಿಸುವಳು.

ಗಾನವೃಂದದಲ್ಲಿ ಸಂತರ ಹೆಸರು ಹಿಡಿದು ಕರೆಯುತ್ತಿದ್ದವಳು ಜ್ಞಾನಮ್ಮನೇ. ಅವಳು ಹೋದ ಮೇಲೆ ಆರೋಗ್ಯಮ್ಮ ಸಾಲಿನಲ್ಲಿ ನಿಂತು ತುಟಿಯನ್ನಷ್ಟೇ ಆಡಿಸಿದಳು. ಆ ರಾಗದಲ್ಲಿ ಕರೆದರೆ ಉತ್ತರ ಬಂದೀತು. ಬಂತೆಂದರೆ ಅಕ್ಕ ಇನ್ನೂ ಆ ಬೆಂಕಿಯಲ್ಲೇ ಇದ್ದಾಳೆ. ಬರಲಿಲ್ಲವೆಂದರೆ ಅಲ್ಲಿಂದ ಬಿಡುಗಡೆಯಾಗಿ ಹೋದಳು, ಇನ್ನು ಯಾವ ಕರೆಗೂ ಸಿಗಳು. ಎರಡರಲ್ಲಿ ಯಾವುದನ್ನು ತಡೆದುಕೊಳ್ಳುವುದೋ ತಿಳಿಯದೆ ಎರಡು ವರ್ಷ ಕಳೆದಿದ್ದಳು.

ಎಪ್ಪತ್ತೊಂದರಲ್ಲಿ, ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದಲ್ಲಿ, ಹಾಡು ಕಲಿಸುವ ಚೌರಪ್ಪ ಮೇಷ್ಟ್ರು ಗಾನವೃಂದದ ಹದಿನೆಂಟು ಮಂದಿ ಹುಡುಗ ಹುಡುಗಿಯರನ್ನು ಬಸ್ಸಿಗೆ ತುಂಬಿಸಿಕೊಂಡು ಧ್ಯಾನಕೂಟಕ್ಕೆ ಕರೆತಂದರು. ನಲ್ಲೂರಿನ ಹುಣಸೆ ತೋಪಿನ ಆಚೆ ಒಂದು ಹಳೆಯ ಶಾಲೆಯ ಕಟ್ಟಡ. ಶುಕ್ರವಾರ ಸಂಜೆಯಿಂದ ಭಾನುವಾರದ ಪೂಜೆಯವರೆಗೆ ಮೌನ. ಪ್ರಾರ್ಥನೆಗೂ ಹಾಡಿಗೂ ಬಿಟ್ಟು ಬಾಯಿ ತೆರೆಯುವ ಹಾಗಿಲ್ಲ. ಹುಡುಗರು ಶನಿವಾರ ಬೆಳಿಗ್ಗೆಯೇ ಸಂದು ಕಂಡುಕೊಂಡರು. ಹಾಡಿದರೆ ಅದು ಮಾತಲ್ಲವಲ್ಲ. ಊಟಕ್ಕೆ ಕೂತಾಗ ಇನ್ನಾಸಪ್ಪ ಅಡುಗೆಯವಳ ಕಡೆ ತಿರುಗಿ "ಸಂತ ಮುನಿವೆಂಕಟಮ್ಮನವರೇ" ಎಂದು ರಾಗ ಎಳೆದ. ಸಾಲು ಪೂರ್ತಿ "ನಮಗಾಗಿ ಸಾರು ಬಡಿಸಿರಿ" ಎಂದಿತು.

ಮುನಿವೆಂಕಟಮ್ಮ ನಲ್ಲೂರಿನ ಒಕ್ಕಲು ಮನೆಯವಳು. ಹದಿನೈದು ವರ್ಷದಿಂದ ಧ್ಯಾನಕೂಟಗಳಿಗೆಲ್ಲ ಅವಳದೇ ಅಡುಗೆ. "ನನ್ನ ಯಾವ ಸಂತೇಲಿ ಮಾರಕ್ಕೆ ಇಕ್ಕಿದ್ರಪ್ಪಾ" ಎಂದು ಸೌಟು ಎತ್ತಿದಳು. ಮೇಷ್ಟ್ರು ಗದರಿದರು, ಆದರೆ ಮೀಸೆಯೊಳಗೆ ನಗು ಅಡಗಲಿಲ್ಲ.

ಊಟವಾದ ಮೇಲೆ ಅವರು ಆರೋಗ್ಯಮ್ಮನನ್ನು ಜಗುಲಿಯ ಕೊನೆಗೆ ಕರೆದರು. ಮಾತಾಡುವ ಅಪ್ಪಣೆ ಇದ್ದದ್ದು ಅವರೊಬ್ಬರಿಗೆ.

"ನಾಳೆ ಪೂಜೇಲಿ ಸಂತರನ್ನ ನೀನೇ ಕರೀಬೇಕು. ಆಗಲ್ಲ ಅಂದ್ರೆ ರೀತಾಗೆ ಕೊಟ್ಬಿಡ್ತೀನಿ, ಆಮೇಲೆ ಆ ಜಾಗ ನಿಮ್ಮ ಮನೇದಲ್ಲ. ಎರಡು ವರ್ಷದಿಂದ ನೋಡ್ತಿದ್ದೀನಿ ತಾಯಿ, ಬರೀ ತುಟಿ."

ಉಳಿದವರು ಚಾಪೆಯ ಮೇಲೆ ಅಡ್ಡಾದಾಗ ಅವಳು ತೋಪಿಗೆ ನಡೆದಳು. ಮಟಮಟ ಮಧ್ಯಾಹ್ನ. ಒಂದೊಂದು ಮರವೂ ತಿರುಚಿಕೊಂಡು, ಹೊಟ್ಟೆ ಪೊಳ್ಳಾಗಿ, ಒಳಗೊಬ್ಬರು ನಿಲ್ಲುವಷ್ಟು ಕತ್ತಲು ಇಟ್ಟುಕೊಂಡಿತ್ತು. ಎಲ್ಲಕ್ಕಿಂತ ದೊಡ್ಡ ಮರದ ಮುಂದೆ ನಿಂತಳು. ಮೊದಲ ಸಲ ಗಂಟಲಲ್ಲಿ ಗಾಳಿ ಮಾತ್ರ ಬಂತು. ಎರಡನೇ ಸಲ ದನಿ ಬಂತು, ಎರಡು ವರ್ಷ ಕೂಡಿಟ್ಟದ್ದೆಲ್ಲ ಒಟ್ಟಿಗೆ.

"ಸಂತ ಜ್ಞಾನಮ್ಮನವರೇ..."

ಪೊಳ್ಳಿನ ಹಿಂದಿನಿಂದ ಹೆಂಗಸಿನ ದನಿಯೊಂದು ತೆಳ್ಳಗೆ ಎದ್ದಿತು. "ನಮಗಾಗಿ ಪ್ರಾರ್ಥಿಸಿರೀ..."

ಆರೋಗ್ಯಮ್ಮ ಪೊಳ್ಳಿನ ಬಾಯಿಗೆ ಬಗ್ಗಿ ಕೂತಳು. ಒಣಗಿದ ತರಗಿನ ಮೇಲೆ ಕೈಯೂರಿ, "ಅಕ್ಕಾ, ಇನ್ನೂ ಅಲ್ಲೇ ಇದ್ದೀಯೇನೇ" ಎಂದಳು. ಅವ್ವನಿಗೆ ಇದನ್ನು ಹೇಗೆ ಹೇಳುವುದು ಎನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಮರದ ಆಚೆಯಿಂದ ಸೌದೆ ಹೊರೆ ಹೊತ್ತು ಮುನಿವೆಂಕಟಮ್ಮ ಬಂದಳು. ಹುಡುಗಿಯ ಮುಖ ನೋಡಿ ಅಲ್ಲೇ ನಿಂತಳು.

"ಯಾಕವ್ವ, ತಪ್ಪಾಯ್ತಾ? ಆ ಹಾಡು ಕಿವಿಗೆ ಬಿದ್ರೆ ಬಾಯಿಗೆ ತಾನಾಗೇ ಬಂದ್ಬುಡ್ತದೆ. ಅದ್ಯಾರೋ ಜ್ಞಾನಮ್ಮ ಅಂದ್ಯಲ್ಲ, ಹೊಸ ಸಂತರೇನೋ ಅನ್ಕೊಂಡೆ."

ಆರೋಗ್ಯಮ್ಮನಿಗೆ ನಗುವೂ ಬಂತು, ಅಳುವೂ ಬಂತು. ಆಮೇಲೆ ಎದ್ದು ಲಂಗ ಕೊಡವಿಕೊಂಡಳು.

"ಇನ್ನೊಂದ್ಸಲ ಕರೀತೀನಿ. ನೀವು ಮಾತ್ರ ಉತ್ತರ ಕೊಡಬೇಡಿ."

ಮುನಿವೆಂಕಟಮ್ಮ ಹೊರೆ ಇಳಿಸಿ, ಸೆರಗಿನ ಚುಂಗು ಬಾಯಿಗೆ ಒತ್ತಿಕೊಂಡಳು.

ಆರೋಗ್ಯಮ್ಮ ಮೂರು ಸಲ ಕರೆದಳು. ಪ್ರತಿ ಸಲವೂ, ಜ್ವರದಲ್ಲಿ ಮಲಗಿದವಳು ಎದ್ದು ಕೂತು ದನಿ ತೆಗೆಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದಳು. ಒಂದು ಹುಣಸೆಕಾಯಿ ಟಪ್ಪೆಂದು ಬಿತ್ತು. ದೂರದಲ್ಲಿ ಕರುವಿನ ಕೊರಳ ಗಂಟೆ ಆಡಿ ನಿಂತಿತು. ಯಾಕೆಂದು ತಿಳಿಯದಿದ್ದರೂ ಮುನಿವೆಂಕಟಮ್ಮನೂ ಆ ಪೊಳ್ಳಿಗೆ ಕಿವಿಗೊಟ್ಟು ನಿಂತಿದ್ದಳು.

ಭಾನುವಾರ ಪೂಜೆಯಲ್ಲಿ ಆರೋಗ್ಯಮ್ಮ ಯಾರೂ ಹೇಳದೆಯೇ ಹೋಗಿ ಅಕ್ಕನ ಜಾಗದಲ್ಲಿ ನಿಂತಳು. ಒಬ್ಬೊಬ್ಬ ಸಂತರನ್ನೂ ಹೆಸರು ಹಿಡಿದು ಕರೆದಳು. ಹದಿನೇಳು ಕಂಠಗಳು ಉತ್ತರ ಹಾಡಿದವು. ಕಿಟಕಿಯಾಚೆ, ಒಲೆಯ ಹೊಗೆಯ ಮಧ್ಯದಿಂದ ಇನ್ನೊಂದು. ಪ್ರತಿ ಉತ್ತರ ಮುಗಿದ ಮೇಲೂ ಅವಳು ಬೇಕಾದುದಕ್ಕಿಂತ ಒಂದು ಗಳಿಗೆ ಹೆಚ್ಚು ಸುಮ್ಮನಿರುತ್ತಿದ್ದಳು. ಚೌರಪ್ಪ ಮೇಷ್ಟ್ರ ಕೈ ಅಷ್ಟು ಹೊತ್ತೂ ಗಾಳಿಯಲ್ಲೇ ಕಾಯುತ್ತಿತ್ತು.

ಜ್ಞಾನಮ್ಮ ಕೊಟ್ಟ ಮಾತು ನಡೆಸಲಿಲ್ಲ.