ಎದುರಿಗೆ ಬಂದವಳು

ಗಂಡ ಬದರಿನಾಥನ ದೇಹ ಮಂಡಾಯಿ ಚಿತಾಗಾರಕ್ಕೆ ಹೊರಟು ಇನ್ನೂ ಹೆಚ್ಚು ಹೊತ್ತಾಗಿರಲಿಲ್ಲ. ಕೌಸಲ್ಯಾ ಮಗಳ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಅತ್ತು ಅತ್ತು ಕಣ್ಣು ಊದಿದ್ದರೂ ಕಾಲರಿನ ಸುಕ್ಕು ಕಾಣುತ್ತಿತ್ತು.

“ಏನೇ ಇದು ಕೌಸಲ್ಯಾ? ಇವತ್ತು ಇಸ್ತ್ರಿನಾ?” ನೆಲ ಒರೆಸುತ್ತಿದ್ದ ಭಾಗೀರಥಿ ಆಂಟಿ ಬಟ್ಟೆ ಬಿಟ್ಟು ಎದ್ದರು. ಪಕ್ಕದ ಬ್ಲಾಕಿನವರು; ಈ ಪರದೇಶದ ಬುಕಿತ್ ಬಾಟೋಕ್ ಬಡಾವಣೆಯ ಕನ್ನಡದ ಮನೆಗಳಿಗೆಲ್ಲ ಹಿರಿಯರು. ಸೀಮಂತವಿರಲಿ, ಸಾವಿರಲಿ, ಕರೆಯುವ ಮೊದಲೇ ಹಾಜರು.

“ಮೂರು ಗಂಟೆಗೆ ಪ್ರಣತಿಗೆ ಇಂಟರ್‌ವ್ಯೂ ಇದೆ ಆಂಟಿ, ಬ್ಯೂನಾ ವಿಸ್ಟಾದಲ್ಲಿ.”

“ಅಯ್ಯೋ! ಸೂತಕದಲ್ಲಿ ಯಾರಾದ್ರೂ ಕೆಲಸ ಕೇಳ್ಕೊಂಡು ಹೋಗ್ತಾರಾ? ಪೋಸ್ಟ್‌ಪೋನ್ ಮಾಡಿಸು.”

“ಕೇಳಿದ್ವಿ. ಮುಂದಿನ ತಿಂಗಳು ಬನ್ನಿ ಅಂದ್ರು. ಅವಳ ಪಾಸ್ ಈ ತಿಂಗಳೇ ಮುಗಿಯುತ್ತೆ. ಪಾಸಿಗೆ ಸೂತಕ ಗೊತ್ತಾಗುತ್ತಾ ಆಂಟಿ?”

ಪ್ರಣತಿ ಈ ಊರಿಗೆ ಬಂದದ್ದು ಕಂಕುಳಲ್ಲಿ. ಅಕ್ಷರ ಕಲಿತದ್ದು, ಹಲ್ಲು ಬಿದ್ದದ್ದು, ಡಿಗ್ರಿ ಮುಗಿಸಿದ್ದು ಎಲ್ಲ ಇಲ್ಲೇ. ಈಗ ಅವಳ ಕೈಯಲ್ಲಿದ್ದದ್ದು, ಓದು ಮುಗಿಸಿದವರು ಕೆಲಸ ಹುಡುಕುವವರೆಗೆ ಈ ದೇಶದಲ್ಲಿರಲು ಕೊಡುವ ಒಂದು ಪಾಸ್. ಈ ಕೆಲಸ ಸಿಕ್ಕರೆ ತನ್ನದೇ ಹೆಸರಿನ ಪಾಸಿನಲ್ಲಿ ಇಲ್ಲೇ ಉಳಿಯುತ್ತಾಳೆ, ಇಲ್ಲದಿದ್ದರೆ ವಿಮಾನ ಹತ್ತುತ್ತಾಳೆ. ಕೌಸಲ್ಯಾಳ ಪಾಸಂತೂ ಗಂಡನ ನೌಕರಿಗೆ ತಗುಲಿಕೊಂಡದ್ದು. ಅವನು ಹೋದ ಮೇಲೆ ಅದಕ್ಕೂ ಉಸಿರಿಲ್ಲ.

ಮಂಡಾಯಿಗೆ ಹೋದವರು ಹಿಂದಿರುಗಿದರು. ಗಂಡುಮಕ್ಕಳಿಲ್ಲದ ಮನೆ, ತಂದೆಗೆ ಬೆಂಕಿ ಕೊಟ್ಟು ಬಂದ ಪ್ರಣತಿ ನೇರವಾಗಿ ಬಚ್ಚಲಿಗೆ ಹೋದಳು. ಆಂಗ್ ಮೋ ಕಿಯೋದ ಕಾರ್ಖಾನೆಯಲ್ಲಿ ಬದರಿನಾಥನ ಪಕ್ಕದ ಮೆಷೀನಿನಲ್ಲಿ ದುಡಿದ ರಘುನಾಥ್ ಮಾತ್ರ ಬಾಗಿಲ ಬಳಿಯೇ ನಿಂತ.

“ಎಂಥ ಸಾಧು ಮನುಷ್ಯ ಅತ್ತಿಗೆ. ಆದ್ರೆ ಅವತ್ತು ಆ ಪಿಆರ್ ಕೈಬಿಡಬಾರದಿತ್ತು. ತಗೊಂಡಿದ್ರೆ ಕಾಯಮ್ಮಾಗಿ ಇಲ್ಲೇ ಇರಬಹುದಿತ್ತು, ಇವತ್ತು ನೀವು ಹೀಗೆ ಗಂಟುಮೂಟೆ ಕಟ್ಟೋ ಹಾಗಿರ್ತಿರ್ಲಿಲ್ಲ. ಏನು ಹಟವೋ ಏನೋ.”

ಕೌಸಲ್ಯಾ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

*

ಮಾರ್ಕೆಟ್ಟಿನಲ್ಲಿ ಕೊಳೆತ ಟೊಮೆಟೊ ಕೊಟ್ಟರೂ ಬದಲಾಯಿಸಿ ಎನ್ನದ ಪ್ರಾಣಿ ಬದರಿನಾಥ್. ಪಿಆರ್‌ಗೆ ಮೂವರ ಹೆಸರಿನಲ್ಲೂ ಅರ್ಜಿ ಹಾಕಿದ, ಬರಲಿಲ್ಲ. ಮತ್ತೆ ಹಾಕಿದ, ಆಗಲೂ ಇಲ್ಲ. ಕೊನೆಯ ಸಲ ಹಾಕುವಷ್ಟರಲ್ಲಿ ಪ್ರಣತಿಗೆ ಇಪ್ಪತ್ತೊಂದು ತುಂಬಿತ್ತು. ಆ ವಯಸ್ಸು ದಾಟಿದ ಮಕ್ಕಳನ್ನು ತಂದೆತಾಯಿಯ ಜೊತೆ ಸೇರಿಸಿಕೊಳ್ಳುವುದಿಲ್ಲ. ಬೇಕೆಂದೇ ಅಣಕಿಸಿದ ಹಾಗೆ, ಆ ಸಲ ಬಂತು. ಇಬ್ಬರಿಗೆ ಮಾತ್ರ.

ಕೌಸಲ್ಯಾ ಆಗಲೇ ಸ್ವಂತ ಫ್ಲ್ಯಾಟಿನ ಕನಸು ಕಾಣತೊಡಗಿದ್ದಳು. ಒಂದು ಸಂಜೆ ಅವನು ಚಪ್ಪಲಿ ಬಿಡುತ್ತ, “ಪಿಆರ್ ತಗೊಳ್ಳೋಕೆ ಕೊಟ್ಟಿದ್ದ ಡೇಟ್ ಮುಗೀತು ಕಣೇ. ನಾನು ಹೋಗ್ಲಿಲ್ಲ” ಎಂದ.

“ಯಾಕ್ರೀ? ತಲೆಗಿಲೆ ಕೆಟ್ಟಿದೆಯಾ?”

“ಊಟಕ್ಕೆ ಕರೆದು, ನೀವಿಬ್ರು ಕೂತ್ಕೊಳಿ, ಮಗು ಹೊರಗಡೆ ನಿಂತಿರ್ಲಿ ಅಂದ್ರೆ, ಎಲೆ ಮುಂದೆ ಕೂತ್ಕೊಳ್ತೀಯಾ?”

“ಮಗು ಅಂತೆ ಮಗು! ಇಪ್ಪತ್ತೊಂದು ವರ್ಷದ ಕತ್ತೆ!”

“ಅವ್ರಿಗೆ ಮಗು ಅಲ್ಲ. ನಮಗೂ ಅಲ್ವಾ?”

ಕೌಸಲ್ಯಾ ಅವನನ್ನು ಕ್ಷಮಿಸಲಿಲ್ಲ. ಬಾಡಿಗೆ ಏರಿದಾಗ, ಪಾಸ್ ನವೀಕರಿಸುವಾಗ, ಕೊನೆಗೆ ಸಾರಿಗೆ ಉಪ್ಪು ಹೆಚ್ಚಾದಾಗಲೂ ಅದನ್ನೇ ಎತ್ತಿ ಆಡಿದಳು. ಅವನು ತಲೆ ತಗ್ಗಿಸಿ ಉಣ್ಣುತ್ತಿದ್ದ.

*

“ರಘುನಾಥ್,” ಎಂದಳು ಕೌಸಲ್ಯಾ, “ಈ ಮಾತನ್ನ ನಾನು ಅವರಿಗೆ ಸಾವಿರ ಸಲ ಅಂದಿದೀನಿ. ಅನ್ನೋ ಹಕ್ಕು ನನಗಿತ್ತು. ನಿಮಗಿಲ್ಲ. ನಾನು ವಾಪಸ್ ಹೋಗ್ಬೇಕಾದ್ರೆ ಹೋಗ್ತೀನಿ, ತಲೆ ಎತ್ಕೊಂಡೇ ಹೋಗ್ತೀನಿ. ಮಗಳನ್ನ ಹೊರಗೆ ನಿಲ್ಲಿಸಿ ಉಣ್ಣಲ್ಲ ಅಂದವರ ಹೆಂಡ್ತಿ ನಾನು.”

ರಘುನಾಥ್ ಕನ್ನಡಕ ತೆಗೆದು ಒರೆಸಿಕೊಂಡ. ಕೌಸಲ್ಯಾ ಮತ್ತೆ ಇಸ್ತ್ರಿಪೆಟ್ಟಿಗೆ ಹಿಡಿದಳು. ಇದೊಂದು ಮಾತನ್ನು ಗಂಡ ಬದುಕಿದ್ದಾಗ ಆಡಿದ್ದರೆ ತನ್ನ ಗಂಟೇನು ಹೋಗುತ್ತಿತ್ತು?

ಎರಡು ಗಂಟೆಗೆ ಪ್ರಣತಿ ಅಂಗಿ ತೊಟ್ಟು, ಸರ್ಟಿಫಿಕೇಟುಗಳ ಫೈಲು ಹಿಡಿದು ಬಂದಳು. ಕೂದಲಿನ್ನೂ ಒದ್ದೆ.

“ಅಮ್ಮ, ಆಗಲ್ಲಮ್ಮ. ಅಲ್ಲಿ ಹೋಗಿ ಏನು ಮಾತಾಡ್ಲಿ? ಅಳು ಬಂದ್ಬಿಡುತ್ತೆ.”

“ಬಂದ್ರೆ ಅಳು. ಅತ್ತು, ಮೂಗು ಒರೆಸ್ಕೊಂಡು, ಕೇಳಿದ್ದಕ್ಕೆ ಉತ್ತರ ಹೇಳು. ಇನ್ನು ಮೇಲೆ ನಿನ್ನನ್ನ ಯಾರೂ ಇನ್ನೊಬ್ಬರ ಹೆಸರಿನ ಕೆಳಗೆ ಬರೆಯೋದು ಬೇಡ.”

ಭಾಗೀರಥಿ ಆಂಟಿ ಸ್ವಲ್ಪ ಮೆತ್ತಗಾದರು. “ಸರಿ, ಹೋಗೋದೇ ಆದ್ರೆ ಶಕುನ ನೋಡ್ಕೊಂಡಾದ್ರೂ ಹೋಗ್ಲಿ. ನಾನು ಮುತ್ತೈದೆ, ಕೆಳಗಿಳಿದು ಎದುರಿಗೆ ಬರ್ತೀನಿ. ನೀನು ರೂಮಲ್ಲಿರು ಕೌಸಲ್ಯಾ. ಬೇಜಾರು ಮಾಡ್ಕೋಬೇಡ, ಮಗುವಿನ ಒಳ್ಳೇದಕ್ಕೇ ಹೇಳ್ತಿರೋದು. ಇವತ್ತಿಂದ ನೀನು...” ಉಳಿದದ್ದನ್ನು ನುಂಗಿಕೊಂಡು ಚಪ್ಪಲಿ ಹುಡುಕತೊಡಗಿದರು.

ಕೌಸಲ್ಯಾಗೆ ಸಿಟ್ಟು ನೆತ್ತಿಗೇರಿತು. ಇಪ್ಪತ್ತೊಂದು ತುಂಬಿತೆಂದು ಮಗಳನ್ನು ಹೊರಗಿಟ್ಟವರು ಆ ಪಿಆರಿನವರು. ಗಂಡ ಸತ್ತನೆಂದು ತಾಯಿಯನ್ನು ಹೊರಗಿಡಲು ಹೊರಟವರು ಇವರು. ಆಂಟಿಯ ಎರಡನೇ ಚಪ್ಪಲಿ ಸಿಗುವ ಮೊದಲೇ ಅವಳು ಮೆಟ್ಟಿಲಿಳಿದಾಗಿತ್ತು.

ಕೆಳಗೆ, ಬ್ಲಾಕಿನ ತಳದ ತೆರೆದ ಹಜಾರದಂಥ ವಾಯ್ಡ್ ಡೆಕ್ಕಿನಲ್ಲಿ ಬೆಳಗಿನ ಪ್ಲಾಸ್ಟಿಕ್ ಕುರ್ಚಿಗಳು ಹಾಗೇ ಇದ್ದವು. ಹಾರದಿಂದ ಉದುರಿದ ಹೂವು ನೆಲಕ್ಕೆ ಅಂಟಿತ್ತು. ಕೌಸಲ್ಯಾ ಅವುಗಳ ನಡುವೆ ಹಾದು ರಸ್ತೆಯ ಕಡೆಯ ಕೊನೆಯವರೆಗೂ ಹೋಗಿ ತಿರುಗಿ ನಿಂತಳು. ಲಿಫ್ಟ್ ತೆರೆಯಿತು. ಪ್ರಣತಿ ಹೊರಗೆ ಬಂದಳು, ಹಿಂದೆಯೇ ಏದುಸಿರು ಬಿಡುತ್ತ ಆಂಟಿ.

“ಬೇಡ ಕಣೇ ಕೌಸಲ್ಯಾ! ಪಕ್ಕಕ್ಕೆ ಸರಿ!”

ಕೌಸಲ್ಯಾ ಸರಿಯಲಿಲ್ಲ. ಬರಿಗಾಲಲ್ಲಿ, ಮುಖ ಎತ್ತಿ, ಮಗಳ ಕಡೆಗೆ ನೆಟ್ಟಗೆ ನಡೆದು ಬಂದಳು.

ಪ್ರಣತಿ ಒಂದು ಗಳಿಗೆ ನಿಂತಳು. ಆಮೇಲೆ ಫೈಲನ್ನು ಎಡಗೈಗೆ ಬದಲಾಯಿಸಿ, ಬಲಗಾಲು ಮುಂದಿಟ್ಟು, ಅಮ್ಮನಿಗೆ ಎದುರಾಗಿಯೇ ನಡೆದಳು.